ಮನೆಯಲ್ಲೇ ಶೀಟ್ ಫಿಲ್ಮ್ ತೊಳೆಯಲು ಯಾವ ಟ್ಯಾಂಕ್? ಬಿಸಿಲ ನಾಡಿನ ಲೆಕ್ಕ

ಗೋಲಗುಮ್ಮಟವನ್ನು ಎದುರಿನಿಂದ 4×5 ಇಂಚಿನ ಫಿಲ್ಮ್ ಹಾಳೆಯ ಮೇಲೆ ತೆಗೆದರೆ ಚೌಕಟ್ಟಿನ ಅರ್ಧ ಬರೀ ಆಕಾಶ. ಫೆಬ್ರುವರಿಯಲ್ಲಿ ವಿಜಯಪುರದ ಆ ಆಕಾಶದಲ್ಲಿ ಹುಡುಕಿದರೂ ಮೋಡ ಸಿಗುವುದು ಕಷ್ಟ. ಕಲ್ಲಿನ ಗೋಡೆ, ಮೂಲೆಗಳ ಏಳಂತಸ್ತಿನ ಮಿನಾರು, ಗುಮ್ಮಟದ ಬುಡದ ಕಮಲದ ಎಸಳು, ಇವೆಲ್ಲ ಡೆವಲಪ್ ಮಾಡುವಾಗಿನ ಸಣ್ಣಪುಟ್ಟ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತವೆ. ಆಕಾಶ ಹಾಕಿಕೊಳ್ಳುವುದಿಲ್ಲ. ಹಾಳೆಯ ಅಂಚಿಗೆ ದ್ರಾವಣ ಒಂದಿಷ್ಟು ಜೋರಾಗಿ ಹರಿದಿದ್ದರೆ ಅಲ್ಲೊಂದು ಪಟ್ಟಿ, ಗುಳ್ಳೆ ಕೂತಿದ್ದರೆ ಚುಕ್ಕೆ, ಎರಡು ಹಾಳೆ ತಾಗಿದ್ದರೆ ಬೋಳು ಮಚ್ಚೆ. ಪ್ರಿಂಟ್ ಮಾಡಿ ಗೋಡೆಗೆ ಹಾಕಿದಾಗ ನೋಡುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

35 ಎಂಎಂ ರೀಲಿಗೆ ಈ ತಲೆನೋವು ಕಡಿಮೆ. ರೀಲಿನ ಸುರುಳಿಯೇ ಫಿಲ್ಮನ್ನು ಸಮ ಅಂತರದಲ್ಲಿ ಹಿಡಿದಿರುತ್ತದೆ. ಶೀಟ್ ಫಿಲ್ಮ್ ಬಿಡಿಬಿಡಿ ಹಾಳೆ, ದಪ್ಪ ಬೇರೆ. ಅದನ್ನು ಹೇಗೆ ನಿಲ್ಲಿಸಬೇಕು, ಅದರ ಎರಡೂ ಮೈಗೆ ದ್ರಾವಣ ಹೇಗೆ ಮುಟ್ಟಬೇಕು ಎನ್ನುವುದನ್ನು ಒಂದೊಂದು ಟ್ಯಾಂಕ್, ಅಂದರೆ ಫಿಲ್ಮ್ ತೊಳೆಯುವ ಬೆಳಕು ನುಗ್ಗದ ಡಬ್ಬಿ, ಒಂದೊಂದು ರೀತಿ ಬಗೆಹರಿಸುತ್ತದೆ. ಕೊಳ್ಳುವವರು ಮೊದಲು ಕೇಳುವುದು "ಎಷ್ಟು ಹಾಳೆ ಹಿಡಿಯುತ್ತದೆ" ಅಂತ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಮೂರು: ಎಷ್ಟು ದ್ರಾವಣ ಬೇಕು, ಅದರೊಳಗೆ ಹಾಳೆಗೆ ಸಾಕಾಗುವಷ್ಟು ಡೆವಲಪರ್ (ಚಿತ್ರ ಮೂಡಿಸುವ ರಸಾಯನ) ಇದೆಯೇ, ಮತ್ತು ಹೊರಗೆ 40 ಡಿಗ್ರಿ ಇರುವಾಗ ಆ ದ್ರಾವಣ ಎಷ್ಟು ಹೊತ್ತು ತಣ್ಣಗಿರುತ್ತದೆ.

ಚದರ ಇಂಚಿನ ಲೆಕ್ಕ

4×5ರ ಒಂದು ಹಾಳೆ 20 ಚದರ ಇಂಚು. ನಾಲ್ಕು ಹಾಳೆ ಸೇರಿದರೆ 80. ಮೂವತ್ತಾರು ಚಿತ್ರದ ಒಂದು 35 ಎಂಎಂ ರೀಲು, ಅಗಲ ಫಿಲ್ಮಿನ ಒಂದು 120 ರೋಲು, 8×10ರ ಒಂದು ಹಾಳೆ, ಇವೆಲ್ಲ ಹೆಚ್ಚುಕಡಿಮೆ ಅದೇ 80 ಚದರ ಇಂಚು. ರೀಲಿಗೆ ಗೊತ್ತಿರುವ ಲೆಕ್ಕವನ್ನೆಲ್ಲ ನಾಲ್ಕು ಹಾಳೆಗೆ ಹಾಗೇ ಹಚ್ಚಬಹುದು.

ಡಿ-76 ಎಂಬ ಡೆವಲಪರನ್ನು 1:1 ಮಾಡಿ, ಅಂದರೆ ಮೂಲ ದ್ರಾವಣಕ್ಕೆ ಅಷ್ಟೇ ನೀರು ಬೆರೆಸಿ ಬಳಸುವಾಗ 80 ಚದರ ಇಂಚಿಗೆ ಸುಮಾರು 475 ಮಿಲಿ ಬೇಕು. ಅದರಲ್ಲಿ ಅರ್ಧ, ಅಂದರೆ 237 ಮಿಲಿಯಷ್ಟು ಮೂಲ ದ್ರಾವಣ ಇರುತ್ತದೆ. ಪ್ರತಿ ಹಾಳೆಗೆ ನೀರು ಬೆರೆಸಿದ ದ್ರಾವಣ ಸುಮಾರು 120 ಮಿಲಿ ಎಂದು ನೆನಪಿಟ್ಟರೆ ಆಯಿತು. ಎಚ್‌ಸಿ-110 ಎಂಬ ಡೆವಲಪರಿನಲ್ಲಿ 80 ಚದರ ಇಂಚಿಗೆ 6 ಮಿಲಿ ಗಟ್ಟಿ ಮೂಲ ದ್ರಾವಣ ಇರಲೇಬೇಕು ಎನ್ನುವುದು ರೂಢಿಯ ಲೆಕ್ಕ. ರೋಡಿನಲ್ ಡೆವಲಪರ್ ಬಳಸುವವರಲ್ಲಿ 5 ಮಿಲಿ ಸಾಕೆನ್ನುವವರೂ ಇದ್ದಾರೆ, 10 ಬೇಕೆನ್ನುವವರೂ ಇದ್ದಾರೆ. ಹತ್ತಕ್ಕೆ ಹೋದರೆ ನಷ್ಟವಿಲ್ಲ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳಬೇಕೆಂದರೆ, ಟ್ಯಾಂಕಿನ ಮೇಲೆ ಅಚ್ಚಾದ ಕನಿಷ್ಠ ಪ್ರಮಾಣ ಹಾಳೆ ಒದ್ದೆಯಾಗಲು ಎಷ್ಟು ಬೇಕೋ ಅಷ್ಟನ್ನೇ ಹೇಳುತ್ತದೆ. ಉರುಳಿಸಿ ತೊಳೆಯುವ ಜೋಬೋ ಟ್ಯಾಂಕಿಗೆ ಆರು ಹಾಳೆ ಹಾಕಿದರೂ 270 ಮಿಲಿ ಸಾಕು. ಆ 270 ಮಿಲಿಗೆ 1:1 ಡಿ-76 ಹಾಕಿದಿರಿ ಅನ್ನಿ. ಮೂಲ ದ್ರಾವಣ ಬರೀ 135 ಮಿಲಿ, ತೊಳೆಯಬೇಕಾದ ವಿಸ್ತಾರ 120 ಚದರ ಇಂಚು, ಬೇಕಾದ ಮೂಲ ದ್ರಾವಣ 355 ಮಿಲಿ. ಅರ್ಧ ದಾರಿಗೇ ಡೆವಲಪರ್ ಸುಸ್ತಾಗುತ್ತದೆ. ನೆರಳಿನ ಭಾಗ ಹೇಗೋ ಬರುತ್ತದೆ, ಬೆಳಕಿನ ಭಾಗಕ್ಕೆ ಗಟ್ಟಿತನ ಬರುವುದಿಲ್ಲ, ಆರೂ ಹಾಳೆ ಬೂದಿ ಬಳಿದಂತೆ ಕಾಣುತ್ತವೆ. ಆಗ ಜನ ಬೆಳಕಿನ ಮೀಟರನ್ನು ಬೈಯುತ್ತಾರೆ, ಫಿಲ್ಮಿನ ತಾರೀಖು ಮುಗಿದಿದೆ ಎನ್ನುತ್ತಾರೆ. ತಪ್ಪು ಅಳತೆಯ ಲೋಟದ್ದು. ಇಂಥ ಟ್ಯಾಂಕಿನಲ್ಲಿ ಡೆವಲಪರನ್ನು ನೀರು ಬೆರೆಸದೆ ಹಾಕಬೇಕು ಮತ್ತು ಹಾಳೆ ಕಡಿಮೆ ಮಾಡಬೇಕು. ಇಲ್ಲವೇ ಎಚ್‌ಸಿ-110ರಂಥ ಗಟ್ಟಿ ದ್ರಾವಣಕ್ಕೆ ಹೋಗಬೇಕು.

ಬಿಸಿಲು, ಸವಳು ನೀರು

ಪುಸ್ತಕಗಳ ಸಮಯವೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಬರೆದದ್ದು. ಬೆಳಗಾವಿಯಲ್ಲಿ ಡಿಸೆಂಬರ್ ಬೆಳಿಗ್ಗೆ ನಳದ ನೀರು ತಾನಾಗಿಯೇ ಅದರ ಹತ್ತಿರಕ್ಕೆ ಬರುತ್ತದೆ. ಏಪ್ರಿಲ್, ಮೇ ತಿಂಗಳ ವಿಜಯಪುರ, ಬಾಗಲಕೋಟೆಯಲ್ಲಿ ಮಾಳಿಗೆಯ ಮೇಲಿನ ಸಿಂಟೆಕ್ಸಿನಿಂದ ಬರುವ ನೀರು ಕೈ ಸುಡುವಂತಿರುತ್ತದೆ. ಡೆವಲಪರನ್ನು ಫ್ರಿಜ್ಜಿನಲ್ಲಿಟ್ಟು 20ಕ್ಕೆ ಇಳಿಸಿದರೂ 34 ಡಿಗ್ರಿಯ ಕೋಣೆಯಲ್ಲಿ, ಕಾದ ಕೈಗಳಲ್ಲಿ, ಹತ್ತು ನಿಮಿಷದೊಳಗೆ ಅದು ಮೇಲೇರುತ್ತಲೇ ಹೋಗುತ್ತದೆ. ಎಷ್ಟು ಏರಿತು ಎನ್ನುವುದು ದ್ರಾವಣದ ಪ್ರಮಾಣದ ಮೇಲೆ ನಿಂತಿದೆ. ಎರಡು ಲೀಟರ್ ನಿಧಾನಕ್ಕೆ ಏರುತ್ತದೆ, 270 ಮಿಲಿ ಓಡುತ್ತದೆ.

ಬೇಸಿಗೆಯಲ್ಲಿ 20ಕ್ಕೆ ಹಟ ಹಿಡಿಯುವುದಕ್ಕಿಂತ 24ಕ್ಕೆ ಒಪ್ಪಿಕೊಂಡು ಅಲ್ಲೇ ನಿಲ್ಲಿಸುವುದು ಲೇಸು. ಒಂದು ಡಿಗ್ರಿಗೆ ಸುಮಾರು ಹತ್ತರಲ್ಲೊಂದು ಪಾಲು ಸಮಯ ಕಡಿತ ಎಂದು ಲೆಕ್ಕ. ಎಚ್‌ಪಿ5 ಪ್ಲಸ್ ಫಿಲ್ಮಿಗೆ ಐಡಿ-11 ಡೆವಲಪರನ್ನು 1+1 ಮಾಡಿದರೆ 20 ಡಿಗ್ರಿಗೆ 13 ನಿಮಿಷ. 24ಕ್ಕೆ ಅದು 9 ನಿಮಿಷದ ಆಸುಪಾಸು. ಅದೇ ಡೆವಲಪರನ್ನು ನೀರು ಬೆರೆಸದೆ ಬಳಸಿದರೆ 20ಕ್ಕೇ ಏಳೂವರೆ ನಿಮಿಷ, 24ಕ್ಕೆ ಐದರ ಹತ್ತಿರ ಬಂದು ನಿಲ್ಲುತ್ತದೆ. ಐದು ನಿಮಿಷಕ್ಕಿಂತ ಕಡಿಮೆಯಾದರೆ ದ್ರಾವಣ ತುಂಬುವ ಹದಿನೈದು ಇಪ್ಪತ್ತು ಸೆಕೆಂಡೇ ದೊಡ್ಡ ಪಾಲಾಗಿ, ಹಾಳೆಯ ಕೆಳಭಾಗಕ್ಕೂ ಮೇಲ್ಭಾಗಕ್ಕೂ ವ್ಯತ್ಯಾಸ ಕಾಣತೊಡಗುತ್ತದೆ. ಬೇಸಿಗೆಯಲ್ಲಿ ತೆಳು ದ್ರಾವಣ, ಹೆಚ್ಚು ಪ್ರಮಾಣ ಹಿಡಿಯುವ ಟ್ಯಾಂಕ್, ಎರಡೂ ಜೋಡಿಯಾಗಿಯೇ ಬರಬೇಕು.

ತಣಿಸಲು ಹಳೆಯ ಉಪಾಯವೇ ಸಾಕು. ಮಣ್ಣಿನ ಹರವಿಯಲ್ಲಿ ರಾತ್ರಿಯಿಡೀ ಇಟ್ಟ ನೀರು ನಮ್ಮ ಒಣ ಬೇಸಿಗೆಯಲ್ಲಿ ನಳದ ನೀರಿಗಿಂತ ಹಲವು ಡಿಗ್ರಿ ಇಳಿದಿರುತ್ತದೆ. ಅದನ್ನು ಅಗಲ ಬಾಯಿಯ ಬುಟ್ಟಿಗೆ ಸುರುವಿ, ನೀರು ತುಂಬಿ ಹೆಪ್ಪುಗಟ್ಟಿಸಿದ ಒಂದು ಲೀಟರ್ ಬಾಟಲಿಯನ್ನು ಮುಳುಗಿಸಿ, ಡೆವಲಪರ್, ಅದರ ಕೆಲಸ ನಿಲ್ಲಿಸುವ ಸ್ಟಾಪ್, ಚಿತ್ರವನ್ನು ಕಾಯಂ ಮಾಡುವ ಫಿಕ್ಸರ್ ಮೂರನ್ನೂ ಅದರಲ್ಲಿ ಅರ್ಧ ಗಂಟೆ ಕೂಡಿಸಿ. ಬರ್ಫದ ತುಂಡನ್ನು ನೇರ ಡೆವಲಪರಿಗೆ ಹಾಕುವವರಿದ್ದಾರೆ. ಅಲ್ಲಿಗೆ 1:1 ಹೋಗಿ ಎಷ್ಟಕ್ಕೆ ಎಷ್ಟು ಎಂದು ಯಾರಿಗೂ ಗೊತ್ತಿಲ್ಲದ ದ್ರಾವಣವಾಯಿತು. ಟ್ಯಾಂಕನ್ನೂ ಮಗುಚುವ ಹೊತ್ತು ಬಿಟ್ಟು ಉಳಿದ ಸಮಯವೆಲ್ಲ ಬುಟ್ಟಿಯ ನೀರಿನಲ್ಲೇ ನಿಲ್ಲಿಸಿ. ಬುಟ್ಟಿಯಲ್ಲಿ ನೆಟ್ಟಗೆ ನಿಲ್ಲದ ಟ್ಯಾಂಕ್ ನಮ್ಮ ಕಡೆ ಅರ್ಧ ಉಪಯೋಗಕ್ಕಷ್ಟೇ ಬಂತು.

ಇನ್ನು ನೀರಿನ ಗುಣ. ವಿಜಯಪುರ, ಬಾಗಲಕೋಟೆ ಕಡೆಯ ಬೋರಿನ ನೀರು ಬಹಳ ಕಡೆ ಗಡಸು, ಕೆಲವೆಡೆ ಸವಳು. ಅದು ಒಣಗಿದ ಮೇಲೆ ಹಾಳೆಯ ಮೇಲೆ ಬಿಳಿ ಸುಣ್ಣದ ಕಲೆ ಬಿಡುತ್ತದೆ. ಡೆವಲಪರ್ ಕಲಸಲು ಆರ್‌ಒ ನೀರು, ಕೊನೆಯ ಮುಳುಗಿಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮತ್ತು ನೀರು ಹನಿಗಟ್ಟದೆ ಜಾರುವಂತೆ ಮಾಡುವ ವೆಟ್ಟಿಂಗ್ ಏಜೆಂಟಿನ ಎರಡು ಮೂರು ಹನಿ. ನಡುವೆ ತೊಳೆಯಲು ನಳದ ನೀರೇ ಆದೀತು. ಅದಕ್ಕೂ ನಳ ಬಿಟ್ಟು ಕೂರಬೇಕಿಲ್ಲ. ಇಲ್‌ಫೋರ್ಡ್ ಫಿಲ್ಮ್ ಕಂಪನಿ ಹೇಳಿದ ಕ್ರಮದಲ್ಲಿ ನೀರು ತುಂಬಿ 5 ಸಲ ಮಗುಚಿ ಚೆಲ್ಲಿ, ಮತ್ತೆ ತುಂಬಿ 10 ಸಲ, ಮೂರನೆಯದಕ್ಕೆ 20 ಸಲ. ಅರ್ಧ ಲೀಟರಿನ ಟ್ಯಾಂಕಿಗೆ ಇದು ಒಂದೂವರೆ ಲೀಟರ್, ಒಂದು ಲೀಟರಿನದಕ್ಕೆ ಮೂರು. ನಳ ನಾಲ್ಕು ದಿನಕ್ಕೊಮ್ಮೆ ಬರುವ ಓಣಿಯಲ್ಲಿ ಈ ಒಂದೂವರೆ ಲೀಟರ್ ಉಳಿತಾಯವೂ ಟ್ಯಾಂಕ್ ಆರಿಸಲು ಒಂದು ಕಾರಣವೇ.

ಕಡಿಮೆ ಖರ್ಚಿನಿಂದ ಶುರು: ಟ್ಯಾಕೊ ಮತ್ತು ಹೇರ್‌ಬ್ಯಾಂಡ್

ಮೂರು ರೀಲು ಹಿಡಿಯುವ ಪ್ಯಾಟರ್ಸನ್ ಟ್ಯಾಂಕ್ ಹಳೆಯ ಸ್ಟುಡಿಯೋಗಳ ಅಟ್ಟದ ಮೇಲೆ ಈಗಲೂ ಸಿಗುತ್ತದೆ. ಅದರೊಳಗಿನ ರೀಲು ತೆಗೆದಿಟ್ಟು, ಒಂದೊಂದು ಹಾಳೆಯನ್ನು ಎಮಲ್ಷನ್, ಅಂದರೆ ಚಿತ್ರ ಮೂಡುವ ಲೇಪ, ಒಳಗೆ ಬರುವಂತೆ ಬಾಗಿಸಿ, ಮೆತ್ತನೆಯ ರೊಟ್ಟಿಯಲ್ಲಿ ಪಲ್ಯ ಸುತ್ತಿ ಹಿಡಿದಂತೆ, ನಡುವಿಗೆ ಹುಡುಗಿಯರು ಜಡೆಗೆ ಹಾಕುವ ಬಟ್ಟೆ ಸುತ್ತಿದ ರಬ್ಬರ್ ಬ್ಯಾಂಡ್ ಹಾಕಿ ನಿಲ್ಲಿಸುವುದು. ಇದಕ್ಕೆ ಟ್ಯಾಕೊ ಪದ್ಧತಿ ಎಂದು ಹೆಸರು. ನಾಲ್ಕು ಹಾಳೆ ಆರಾಮಾಗಿ ನಿಲ್ಲುತ್ತವೆ.

ಮೂರು ಎಚ್ಚರಿಕೆ ಬೇಕು. ರೀಲು ತೆಗೆದರೂ ನಡುವಿನ ಕಪ್ಪು ಕೊಳವೆಯನ್ನು ಮಾತ್ರ ತೆಗೆಯಬಾರದು. ಮೇಲಿನ ಆಲಿಕೆಯೂ ಆ ಕೊಳವೆಯೂ ಸೇರಿಯೇ ಬೆಳಕನ್ನು ತಡೆಯುವುದು. ಕೊಳವೆ ಇಲ್ಲದಿದ್ದರೆ ದೀಪ ಹಾಕಿದ ಕ್ಷಣವೇ ನಾಲ್ಕೂ ಹಾಳೆ ಕಪ್ಪು. ಎರಡನೆಯದು, ಹಾಳೆಯ 5 ಇಂಚಿನ ಉದ್ದ ನೆಟ್ಟಗೆ ನಿಂತಿರುತ್ತದೆ, ಆದ್ದರಿಂದ ದ್ರಾವಣ ಅದಕ್ಕಿಂತ ಮೇಲೆ ಬರಬೇಕು. ಎಷ್ಟು ಮಿಲಿ ಎಂದು ಊಹಿಸುವ ಬದಲು ಹಗಲಿನಲ್ಲೇ ಕೆಟ್ಟ ನಾಲ್ಕು ಹಾಳೆಯನ್ನು ಸುತ್ತಿ ನಿಲ್ಲಿಸಿ, ಅಳೆದು ನೀರು ಸುರುವಿ, ಅಂಚು ಮುಳುಗಿ ಒಂದು ಬೆರಳು ಮೇಲೆ ಬರುವ ಪ್ರಮಾಣವನ್ನು ಟ್ಯಾಂಕಿನ ಹೊರಗೆ ಪೇಂಟಿನಲ್ಲಿ ಬರೆದಿಡಿ. ಒಂದು ಲೀಟರ್ ದಾಟುವುದೂ ಉಂಟು. ಮೂರನೆಯದು, ಬ್ಯಾಂಡ್ ಸಡಿಲವಿರಲಿ. ಬಿಗಿಯಾದರೆ ಹಾಳೆಯ ನಡು ಸೊರಗಿ ಎರಡು ಅಂಚು ಒಂದರ ಮೇಲೊಂದು ಏರುತ್ತವೆ, ಏರಿದಷ್ಟು ಜಾಗಕ್ಕೆ ಡೆವಲಪರ್ ಮುಟ್ಟುವುದೇ ಇಲ್ಲ.

ಫಿಕ್ಸರ್ ಆದ ಮೇಲೆ ಹಾಳೆಯ ಬೆನ್ನಿನಲ್ಲಿ ನೇರಳೆ ಪಟ್ಟಿ ಕಂಡರೆ ಗಾಬರಿ ಬೇಡ. ಬೆನ್ನಿನ ಆ್ಯಂಟಿ-ಹ್ಯಾಲೇಷನ್ ಬಣ್ಣ (ಬೆಳಕು ಹಿಂದಿನಿಂದ ಪುಟಿಯದಂತೆ ಬಳಿದದ್ದು) ಬ್ಯಾಂಡ್ ಕೂತ ಜಾಗದಲ್ಲಿ ಉಳಿದುಕೊಂಡಿದೆ ಅಷ್ಟೇ. ಹಾಳೆ ಬಿಡಿಸಿ ತಟ್ಟೆಯಲ್ಲಿ ಇನ್ನೆರಡು ನಿಮಿಷ ಫಿಕ್ಸರ್, ಆಮೇಲೆ ನೀರು, ಹೋಗುತ್ತದೆ. ಇದೇ ಕಾಟ ಪ್ರತಿ ಸಲವೂ ಬೇಡವೆಂದರೆ ಕಿಟಕಿಗೆ ಹಾಕುವ ಪ್ಲಾಸ್ಟಿಕ್ ಸೊಳ್ಳೆ ಜಾಲರಿಯನ್ನು ಹಾಳೆಯ ಅಳತೆಗೆ ಕತ್ತರಿಸಿ ಬೆನ್ನಿಗಿಟ್ಟು ಸುತ್ತಿ. ಜಾಲರಿಯ ಕಣ್ಣುಗಳ ಮೂಲಕ ದ್ರಾವಣ ಒಳಗೆ ಹೋಗುತ್ತದೆ.

ಟ್ಯಾಕೊ ಪದ್ಧತಿಯನ್ನು ಕೆಲವರು ಹುಡುಗಾಟ ಎಂದು ಬದಿಗಿಡುತ್ತಾರೆ. ಆದರೆ ಇದರಲ್ಲಿ ಎಮಲ್ಷನ್ನಿನ ಎದುರು ಯಾವ ಗೂಟವೂ, ಯಾವ ಸಂದಿಯೂ ಇಲ್ಲ. ದ್ರಾವಣ ಸುಳಿಯಲು ಬಯಲೇ ಬಯಲು. ತಿಂಗಳಿಗೆ ಎಂಟು ಹತ್ತು ಹಾಳೆ ತೆಗೆಯುವವರು ಇದರಲ್ಲೇ ವರ್ಷಗಟ್ಟಲೆ ಇರಬಹುದು.

ಅದೇ ಟ್ಯಾಂಕಿಗೆ ಚೌಕಟ್ಟು, ಅಥವಾ ಚಪ್ಪಟೆ ಟ್ಯಾಂಕ್

ಮಾಡ್54 ಎಂಬ ಬ್ರಿಟಿಷ್ ಪ್ಲಾಸ್ಟಿಕ್ ಚೌಕಟ್ಟು ಅದೇ ಮೂರು ರೀಲಿನ ಪ್ಯಾಟರ್ಸನ್ನಿನೊಳಗೆ ಕೂರುತ್ತದೆ. ಆರು ಹಾಳೆ, ಒಂದು ಲೀಟರ್ ದ್ರಾವಣ. 1:1 ಡಿ-76ರಲ್ಲಿ ಮೂಲ ದ್ರಾವಣ 500 ಮಿಲಿ, ಬೇಕಾದದ್ದು 355, ಹೀಗಾಗಿ ಲೆಕ್ಕಕ್ಕೆ ಚಿಂತೆಯಿಲ್ಲ. ಚಿಂತೆ ಇರುವುದು ಹಾಳೆ ಕೂಡಿಸುವುದರಲ್ಲಿ. ಒಂದೊಂದು ಹಾಳೆಯನ್ನೂ ಬಾಗಿಸಿ ಹಲ್ಲುಗಳ ನಡುವೆ ಸರಿಯಾದ ಸಾಲಿಗೆ ಸಿಕ್ಕಿಸಬೇಕು. ಕತ್ತಲಲ್ಲಿ ಸಾಲು ತಪ್ಪಿದರೆ ಒಂದೇ ಸಾಲಿಗೆ ಎರಡು ಹಾಳೆ ಹೋಗಿ ಅಂಟಿಕೊಳ್ಳುತ್ತವೆ. ಮಗುಚುವಾಗ ಲಸ್ಸಿ ಕುಲುಕಿದಂತೆ ಕುಲುಕಿದರೆ ಹಾಳೆ ಹಲ್ಲು ಬಿಟ್ಟು ಹೊರಬರುತ್ತದೆ. ನಿಧಾನಕ್ಕೆ, ನಾಲ್ಕೈದು ಸೆಕೆಂಡಿಗೊಂದು ಮಗುಚು, ಸಾಕು.

ಸ್ಟಿಯರ್‌ಮನ್ ಪ್ರೆಸ್‌ನ ಎಸ್‌ಪಿ-445 ಚಪ್ಪಟೆ ಡಬ್ಬಿ. ಎರಡು ಹೋಲ್ಡರ್, ಒಂದೊಂದರ ಎರಡು ಮೈಗೆ ಒಂದೊಂದು ಹಾಳೆ, ಒಟ್ಟು ನಾಲ್ಕು, ದ್ರಾವಣ 475 ಮಿಲಿ. ಮೇಲೆ ಹೇಳಿದ ನಾಲ್ಕು ಹಾಳೆಯ ಲೆಕ್ಕಕ್ಕೆ ಇದು ಹೇಳಿ ಮಾಡಿಸಿದಂತೆ ಹೊಂದುತ್ತದೆ. ಚಪ್ಪಟೆ ಇರುವುದರಿಂದ ತಣ್ಣೀರಿನ ಬುಟ್ಟಿಯಲ್ಲಿ ಬೇಗ ತಣಿಯುತ್ತದೆ, ಬಿಸಿ ಕೋಣೆಯಲ್ಲಿ ಅಷ್ಟೇ ಬೇಗ ಕಾಯುತ್ತದೆ. ಬುಟ್ಟಿ ತಪ್ಪಿಸುವಂತಿಲ್ಲ. ಎಮಲ್ಷನ್ ಹೊರಮುಖವಾಗಿರಬೇಕು. ಎರಡೇ ಹಾಳೆ ಇದ್ದರೂ ಎರಡೂ ಹೋಲ್ಡರ್ ಹಾಕಿ, ಇಲ್ಲದಿದ್ದರೆ ಒಂಟಿ ಹೋಲ್ಡರ್ ಒಳಗೆ ಅತ್ತಿತ್ತ ಬಡಿಯುತ್ತದೆ. ಮೊದಲ ಸಲ ಮಗುಚಿದ ಮೇಲೆ ಒಂದು ಸಣ್ಣ ಮುಚ್ಚಳ ಸಡಿಲಿಸಿ ಒಳಗಿನ ಗಾಳಿ ಬಿಡಿ. ಮುಚ್ಚಳದ ಸುತ್ತ ಹನಿ ಸೋರುವುದು ಇದರ ಹಳೆಯ ದೂರು. ಕೈಗವಸು ಹಾಕಿ, ಬಚ್ಚಲಲ್ಲಿ ಮಾಡಿದರೆ ಅದೊಂದು ವಿಷಯವೇ ಅಲ್ಲ. ಟ್ಯಾಂಕಿಗೇ ದುಡ್ಡು ಹಾಕುವುದಾದರೆ, ವಿಜಯಪುರದ ಬೇಸಿಗೆಗೆ, ಚೇಂಜಿಂಗ್ ಬ್ಯಾಗಿನಲ್ಲಿ (ಕೈ ತೂರಿಸುವ, ಬೆಳಕು ನುಗ್ಗದ ಚೀಲದಲ್ಲಿ) ಹಾಳೆ ತುಂಬುವವರಿಗೆ, ಮೊದಲ ಆಯ್ಕೆ ಇದೇ ಆಗಬೇಕು. ಹೊರದೇಶದಿಂದ ಬರುವುದರಿಂದ ಸುಂಕವನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಜೋಬೋ 2500 ಸಾಲಿನ ಟ್ಯಾಂಕು, ಆರು ಹಾಳೆಯ 2509 ರೀಲು: ಗಟ್ಟಿ ಮಾಲು, ನೂರಾರು ಸಲ ಬಳಸಿದರೂ ಜಗ್ಗುವುದಿಲ್ಲ. ಮಲಗಿಸಿ ಉರುಳಿಸಿದರೆ 270 ಮಿಲಿ, ನಿಲ್ಲಿಸಿ ಮಗುಚಿದರೆ ಒಂದೂವರೆ ಲೀಟರಿನ ಹತ್ತಿರ. ಉರುಳಿಸುವಾಗ ನಿಲ್ಲದೆ ಕಲಕುವುದರಿಂದ ಸಮಯವನ್ನು ನೂರಕ್ಕೆ 15ರವರೆಗೆ ಕಡಿಮೆ ಮಾಡಬೇಕು, ದಿಕ್ಕನ್ನು ಆಗಾಗ ಬದಲಿಸಬೇಕು. ಉರುಳೆ ಕೂತ ಕಟ್ಟೆ ಮಟ್ಟಸವಾಗಿರಲೇಬೇಕು. ಬಚ್ಚಲ ನೆಲ ನೀರು ಹರಿದುಹೋಗಲೆಂದೇ ಇಳಿಜಾರು ಮಾಡಿರುತ್ತಾರೆ. ಅಲ್ಲಿ ಉರುಳಿಸಿದರೆ 270 ಮಿಲಿಯೂ ಒಂದು ಕಡೆಗೆ ಸೇರಿ, ಇನ್ನೊಂದು ತುದಿಯ ಅಂಚು ಸರಿಯಾಗಿ ನೆನೆಯುವುದೇ ಇಲ್ಲ. ಗೌಂಡಿಗಳ ಹತ್ತಿರ ಇರುವ ಮಟ್ಟದ ಪಟ್ಟಿ ಇಟ್ಟು ನೋಡಿ, ತಗ್ಗಿದ ಕಡೆ ರಟ್ಟು ಮಡಚಿಡಿ. ನೀರಿನ ತೊಟ್ಟಿ ಇಲ್ಲದೆ ಬರೀ ಉರುಳೆ ಇಟ್ಟುಕೊಂಡು ಮೇ ತಿಂಗಳಲ್ಲಿ ಇದನ್ನು ಬಳಸುವುದು ಬೇಡ.

ಹಳೆಯ ಯಾಂಕೀ ಟ್ಯಾಂಕ್ ಹನ್ನೆರಡು ಹಾಳೆ ಹಿಡಿಯುತ್ತದೆ, ಮಗುಚಲು ಬರುವುದಿಲ್ಲ, ತೂಗಾಡಿಸಬೇಕು, ಪಟ್ಟೆ ಬರುತ್ತವೆ. ಅಗ್ಗಕ್ಕೆ ಸಿಕ್ಕರೂ ಬಿಡಿ. ಕಾಂಬಿ-ಪ್ಲಾನ್ ಎಂಬ ಟ್ಯಾಂಕ್ ತುಂಬುವುದೂ ನಿಧಾನ, ಖಾಲಿಯಾಗುವುದೂ ನಿಧಾನ. ಇದ್ದವರು ಕತ್ತಲಲ್ಲೇ ಡೆವಲಪರ್ ಮೊದಲು ತುಂಬಿ ಆಮೇಲೆ ಹಾಳೆಯ ಚೌಕಟ್ಟನ್ನು ಇಳಿಸಬೇಕು.

ಪೈಪಿನ ಅಂಗಡಿಯ ಟ್ಯಾಂಕ್

ತೋಟಕ್ಕೆ ನೀರು ಹಾಯಿಸುವ ಪಿವಿಸಿ ಪೈಪು ಸಿಗದ ತಾಲೂಕು ನಮ್ಮಲ್ಲಿಲ್ಲ. ಒಂದು ಹಾಳೆಗೆ ಒಂದು ಕೊಳವೆ, ಅಷ್ಟೇ ಇದರ ತತ್ವ. 4 ಇಂಚಿನ ಬದಿ ಅಂದರೆ ಸುಮಾರು 101 ಎಂಎಂ ಸುತ್ತಳತೆಯಾಗಿ ಬಾಗಬೇಕು. ಅದಕ್ಕೆ ಒಳವ್ಯಾಸ 33 ಎಂಎಂಗಿಂತ ಹೆಚ್ಚು ಬೇಕು. ನಮ್ಮಲ್ಲಿ ಪೈಪಿನ ಅಳತೆ ಹೊರವ್ಯಾಸದ್ದು, ಹಾಗಾಗಿ 32ರದ್ದು ಸಾಲದು, 40ರದ್ದು ಕೇಳಿ. ಎರಡು ಎಂಎಂ ದಪ್ಪದ ಗೋಡೆ ಇದ್ದರೆ ಒಳವ್ಯಾಸ 36, ಒಳಸುತ್ತಳತೆ 113. ಹಾಳೆಯ ಎರಡು ಅಂಚಿನ ನಡುವೆ ಒಂದು ಸೆಂಟಿಮೀಟರಿಗೂ ಹೆಚ್ಚು ಸಂದಿ ಉಳಿಯುತ್ತದೆ, ಒಂದರ ಮೇಲೊಂದು ಏರುವುದಿಲ್ಲ. ಉದ್ದ 15 ಸೆಂಟಿಮೀಟರ್ ಇಟ್ಟರೆ ಕೊಳವೆ 150 ಮಿಲಿ ಹಿಡಿಯುತ್ತದೆ, ಹಾಳೆಗೆ ಬೇಕಾದ 120ಕ್ಕೆ ಧಾರಾಳ. ಕೊಳವೆಯನ್ನು ಮಲಗಿಸಿ ಉರುಳಿಸುವುದರಿಂದ ಪೂರ್ತಿ ತುಂಬಬೇಕಿಲ್ಲ.

ಒಂದು ಬದಿಗೆ ಎಂಡ್‌ಕ್ಯಾಪನ್ನು ಸಾಲ್ವೆಂಟ್ ಹಚ್ಚಿ ಕೂಡಿಸಿ, ಇನ್ನೊಂದು ಬದಿಗೆ ಥ್ರೆಡ್ ಇರುವ ಮುಚ್ಚಳ. ಬರೀ ಒತ್ತಿ ಕೂಡಿಸುವ ಮುಚ್ಚಳ ಉರುಳಿಸುವಾಗ ಬಿಚ್ಚಿಕೊಳ್ಳುತ್ತದೆ. ಕತ್ತರಿಸಿದ ಅಂಚನ್ನು ಪಾಲಿಷ್ ಪೇಪರಿನಿಂದ ಉಜ್ಜಿ, ಇಲ್ಲದಿದ್ದರೆ ಹಾಳೆ ಇಳಿಸುವಾಗಲೇ ಗೀರು. ತೆಳು ಪೈಪು ಬೆಳಕು ಬಿಡುತ್ತದೆ. ಕತ್ತಲ ಕೋಣೆಯಲ್ಲಿ ಒಳಗೆ ಮೊಬೈಲ್ ಟಾರ್ಚ್ ಹಿಡಿದು ನೋಡಿ, ಗೋಡೆ ಮಂಕಾಗಿ ಬೆಳಗಿದರೂ ಹೊರಗೆ ಕಪ್ಪು ಟೇಪ್ ಎರಡು ಸುತ್ತು ಹಾಕಿ. ಎಮಲ್ಷನ್ ಒಳಮುಖ, ಬೆನ್ನು ಪೈಪಿಗೆ. ಕತ್ತಲಲ್ಲಿ ಡೆವಲಪರ್ ತುಂಬಿ ಮುಚ್ಚಿ, ದೀಪ ಹಾಕಿ, ಬುಟ್ಟಿಯ ತಣ್ಣೀರಿನಲ್ಲಿ ಲಟ್ಟಣಿಗೆಯಂತೆ ಉರುಳಿಸಿ. ಸಮಯ ಮುಗಿಯಲು ಅರ್ಧ ನಿಮಿಷ ಇರುವಾಗ ದೀಪ ಆರಿಸಿ, ಮುಚ್ಚಳ ತೆಗೆದು ಸ್ಟಾಪಿನ ತಟ್ಟೆಗೆ. ಅಲ್ಲಿಂದ ಫಿಕ್ಸರ್ ಮುಗಿಯುವವರೆಗೂ ಕತ್ತಲೆಯೇ. ನಾಲ್ಕು ಕೊಳವೆ ಇದ್ದರೆ ನಾಲ್ಕು ಹಾಳೆಗೆ ನಾಲ್ಕು ಬೇರೆ ಸಮಯ ಕೊಡಬಹುದು. ಬೆಳಗಿನ ಮಂಜಿನಲ್ಲಿ ತೆಗೆದ ಹಾಳೆಗೆ ಹೆಚ್ಚು, ಮಧ್ಯಾಹ್ನದ ಬಿಸಿಲಿನದಕ್ಕೆ ಕಡಿಮೆ. ಈ ಸೌಲಭ್ಯ ದುಬಾರಿ ಟ್ಯಾಂಕುಗಳಲ್ಲಿಲ್ಲ.

ಎಕ್ಸ್‌ರೇ ಫಿಲ್ಮಿನವರ ದಾರಿ ಬೇರೆ

ಶೀಟ್ ಫಿಲ್ಮಿನ ಬೆಲೆ ನೋಡಿ ಎಕ್ಸ್‌ರೇ ಫಿಲ್ಮಿಗೆ ಹೋಗುವವರು ಬಹಳ. 8×10ರ ಒಂದು ಹಾಳೆ ಕತ್ತರಿಸಿದರೆ 4×5ರ ನಾಲ್ಕು. ಕೊಳ್ಳುವಾಗ ಒಂದು ಮಾತು: ಡಿಜಿಟಲ್ ಎಕ್ಸ್‌ರೇ ಯಂತ್ರಗಳಿಗೆ ಈಗ ಮಾರುವ ಡ್ರೈ ಫಿಲ್ಮ್ ಶಾಖದಿಂದ ಮೂಡುವಂಥದ್ದು, ನಮಗೆ ಬರುವುದಿಲ್ಲ. ಡೆವಲಪರ್, ಹೈಪೊ (ಫಿಕ್ಸರ್) ಹಾಕಿ ತೊಳೆಯುವ, ಹಸಿರು ಅಥವಾ ನೀಲಿ ಬೆಳಕಿಗೆ ಸ್ಪಂದಿಸುವ ಹಳೆಯ ಬಗೆಯ ಫಿಲ್ಮೇ ಎಂದು ಕೇಳಿ ತನ್ನಿ.

ಇದಕ್ಕೆ ಎರಡೂ ಮೈಗೆ ಎಮಲ್ಷನ್, ಅದೂ ಮೆತ್ತನೆಯದು, ಉಗುರು ತಾಗಿದರೂ ಗೀರು. ಬೆನ್ನು ಎಲ್ಲಿ ತಾಗಿದರೂ ಅಲ್ಲಿ ಚಿತ್ರವೇ ಹೋಗುವುದರಿಂದ ಟ್ಯಾಕೊ, ಪೈಪು, ಚಪ್ಪಟೆ ಹೋಲ್ಡರು ಇದಕ್ಕೆ ಆಗಿಬರುವುದಿಲ್ಲ. ಆದರೆ ಇದಕ್ಕೆ ಕೆಂಪು ಬೆಳಕು ಕಾಣುವುದಿಲ್ಲ, ಕಣ್ಣೆದುರೇ ತೊಳೆಯಬಹುದು. ಹಾಗಾಗಿ ಮುಚ್ಚಿದ ಟ್ಯಾಂಕಿನ ಗೊಡವೆಯೇ ಬೇಡ. ಅಗಲ ಟ್ರೇ, ಅದರ ತಳಕ್ಕೆ ಅಂಚು ಮಸೆದ ಗಾಜು, ಒಂದು ಸಲಕ್ಕೆ ಒಂದೇ ಹಾಳೆ, ಬೆರಳು ಮುಟ್ಟಿಸದೆ ಟ್ರೇಯ ಒಂದೊಂದು ಮೂಲೆಯನ್ನು ಎತ್ತಿ ಇಳಿಸುತ್ತ ಅಲೆ ಆಡಿಸುವುದು. ಇನ್ನೂ ಚೆಂದದ ದಾರಿ, ಹಳೆಯ ಎಕ್ಸ್‌ರೇ ಡಾರ್ಕ್‌ರೂಮಿನ ಸ್ಟೀಲ್ ಹ್ಯಾಂಗರ್. ನಾಲ್ಕು ಮೂಲೆಗೆ ಕ್ಲಿಪ್ಪು ಹಿಡಿದ ಹಾಳೆಯನ್ನು ಕಿರಿದಾದ ಆಳ ತೊಟ್ಟಿಯಲ್ಲಿ ತೂಗುಬಿಟ್ಟರೆ ಏನೂ ತಾಗುವುದಿಲ್ಲ. ಇಳಿಸಿದ ಕೂಡಲೇ ಎರಡು ಸಲ ತೊಟ್ಟಿಗೆ ಕುಟ್ಟಿ ಗುಳ್ಳೆ ಬಿಡಿಸಿ. ನಿಮಿಷಕ್ಕೊಮ್ಮೆ ಪೂರ್ತಿ ಮೇಲೆತ್ತಿ ಒಂದು ಮೂಲೆಗೆ ಓರೆ ಮಾಡಿ ಬಸಿದು ಇಳಿಸಿ, ಮತ್ತೆತ್ತಿ ಇನ್ನೊಂದು ಮೂಲೆಗೆ. ಬರೀ ಮೇಲೆ ಕೆಳಗೆ ಜಗ್ಗಿದರೆ ಕ್ಲಿಪ್ಪಿನ ಬಳಿಯಿಂದ ಗೆರೆಗಳು ಹೊರಡುತ್ತವೆ. ಕೆಂಪು ದೀಪವನ್ನು ಮೊದಲು ನಾಣ್ಯವಿಟ್ಟು ಪರೀಕ್ಷಿಸಿ: ಹಾಳೆಯ ತುಣುಕಿನ ಮೇಲೆ ಒಂದು ರೂಪಾಯಿ ಇಟ್ಟು ಐದು ನಿಮಿಷ ಆ ಬೆಳಕಿನಲ್ಲಿ ಬಿಟ್ಟು ತೊಳೆಯಿರಿ. ನಾಣ್ಯದ ಗುಂಡು ಕಂಡರೆ ದೀಪ ದೂರ ಸರಿಸಿ. ಅಂದಹಾಗೆ, ಕೆಂಪು ಕಾಣದ ಈ ಫಿಲ್ಮಿನಲ್ಲಿ ಬಾದಾಮಿಯ ಕೆಂಪು ಬಂಡೆ ಕಲ್ಲಿದ್ದಲಿನಂತೆ ಕಪ್ಪಾಗಿ ಬರುತ್ತದೆ. ಚಿತ್ರ ತೆಗೆಯುವಾಗಲೇ ಹೆಚ್ಚು ಬೆಳಕು ಕೊಡಬೇಕು.

ಕತ್ತಲಲ್ಲಿ ಕೈ

ಯಾವ ಟ್ಯಾಂಕೇ ಆಗಲಿ, ಹಾಳೆ ತುಂಬುವ ಜಾಗವನ್ನು ನೋಡಿಕೊಂಡು ಆರಿಸಿ. ಬಚ್ಚಲೇ ಡಾರ್ಕ್‌ರೂಮ್ ಆದರೆ ಬಾಗಿಲಿಗೆ ಎರಡು ಪದರದ ಕೌದಿ, ಬಾಗಿಲ ಕೆಳಗಿನ ಸಂದಿಗೆ ಸುತ್ತಿದ ಟಾವೆಲ್ಲು, ಗೀಜರಿನ ಸಣ್ಣ ದೀಪಕ್ಕೆ ಕಪ್ಪು ಟೇಪು. ಐದು ನಿಮಿಷ ಸುಮ್ಮನೆ ಕೂತು ನೋಡಿ. ಮೊದಲ ನಿಮಿಷಕ್ಕೆ ಕಾಣದ ಬೆಳಕಿನ ಎಳೆ ಐದನೆಯದಕ್ಕೆ ಕಾಣುತ್ತದೆ. ರಾತ್ರಿ ಹತ್ತರ ನಂತರ ಮಾಡಿದರೆ ಬೆಳಕಿನ ಕಾಟವೂ ಕಡಿಮೆ, ನೀರೂ ತಣ್ಣಗೆ. ಚೇಂಜಿಂಗ್ ಬ್ಯಾಗಿನವರಿಗೆ ಬೇಸಿಗೆಯಲ್ಲಿ ಹತ್ತು ನಿಮಿಷದೊಳಗೆ ಒಳಗೆಲ್ಲ ಬೆವರಿನ ಹಬೆ. ಬೆರಳಚ್ಚು ಎಮಲ್ಷನ್ ಮೇಲೆ ಕೂತರೆ ಅದು ಶಾಶ್ವತ. ಮಾಡ್54, ಜೋಬೋದ ರೀಲು ಅಷ್ಟು ಬೇಗ ತುಂಬುವಂಥವಲ್ಲ. ಟ್ಯಾಕೊ, ಎಸ್‌ಪಿ-445 ಬೇಗ ಮುಗಿಯುತ್ತವೆ.

ಹಾಳೆಯ ಮೈ ಯಾವುದು ಎಂದು ಹೇಳುವುದು ಅಂಚಿನ ಕಚ್ಚು. ಹಾಳೆಯನ್ನು ಉದ್ದುದ್ದಕ್ಕೆ ಹಿಡಿದಾಗ ಬಲಗೈ ತೋರುಬೆರಳಿಗೆ ಮೇಲಿನ ಅಂಚಿನ ಬಲಮೂಲೆಯಲ್ಲಿ ಕಚ್ಚುಗಳು ಸಿಕ್ಕರೆ ಎಮಲ್ಷನ್ ನಿಮ್ಮ ಮುಖದ ಕಡೆಗಿದೆ. ಟ್ಯಾಕೊ ಮಾಡುವಾಗ ಹಾಗೇ ಎಡ ಬಲ ಬದಿಗಳನ್ನು ಒಳಕ್ಕೆ ತಂದರೆ ಎಮಲ್ಷನ್ ಒಳಗಾಯಿತು. ಬ್ಯಾಂಡನ್ನು ಮೊದಲೇ ಮೂರು ಬೆರಳಿಗೆ ಅಗಲಿಸಿ ಇಟ್ಟುಕೊಂಡು, ಸುತ್ತಿದ ಹಾಳೆಯನ್ನು ಅದರೊಳಗೆ ತೂರಿಸಿ, ಬೆರಳು ಒಂದೊಂದಾಗಿ ಬಿಡಿ. ಬೆರಳ ತುದಿಯಿಂದ ಸುತ್ತಲೂ ಮುಟ್ಟಿ ನೋಡಿದಾಗ ಎರಡು ಅಂಚಿನ ನಡುವೆ ಸಂದಿ ಸಿಗಬೇಕು. ಸಿಗದಿದ್ದರೆ ಬಿಚ್ಚಿ ಮತ್ತೆ ಸುತ್ತಿ. ದೀಪ ಹಾಕಿಕೊಂಡು ಕೆಟ್ಟ ಹಾಳೆಯಲ್ಲಿ ಹತ್ತು ಸಲ, ಕಣ್ಣು ಮುಚ್ಚಿ ಹತ್ತು ಸಲ ಮಾಡಿದ ಮೇಲೆಯೇ ನಿಜವಾದ ಹಾಳೆ.

ಟ್ಯಾಂಕಿನ ಪರೀಕ್ಷೆ

ಹೊಸ ಟ್ಯಾಂಕಿನಲ್ಲಿ ಮೊದಲು ತೊಳೆಯಬೇಕಾದ ಹಾಳೆಯ ಮೇಲೆ ಗೋಲಗುಮ್ಮಟ ಇರಬಾರದು, ಬರೀ ಅದರ ಆಕಾಶ ಇರಬೇಕು. ಮೋಡವಿಲ್ಲದ ದಿನ ಸೂರ್ಯನಿಗೆ ಬೆನ್ನು ಮಾಡಿ, ಕ್ಯಾಮೆರಾವನ್ನು ಖಾಲಿ ಆಕಾಶಕ್ಕೆ ತಿರುಗಿಸಿ, ಫೋಕಸ್ ಕೆಡಿಸಿ, ಉದ್ದ ಫೋಕಲ್ ಲೆಂಗ್ತಿನ ಲೆನ್ಸಿದ್ದರೆ ಅದನ್ನೇ ಹಾಕಿ, ಮೀಟರ್ ಹೇಳಿದಷ್ಟೇ ಬೆಳಕು ಕೊಟ್ಟು ಎರಡು ಹಾಳೆ ತೆಗೆಯಿರಿ. ಯಾವಾಗಿನ ಡೆವಲಪರ್, ಯಾವಾಗಿನ ಸಮಯ. ಒಣಗಿದ ಮೇಲೆ ಕಿಟಕಿಯ ಬಿಳಿ ಪರದೆಗೆ ಹಿಡಿದು, ತೋಳಳತೆಯ ದೂರದಿಂದ ನೋಡಿ.

ಉದ್ದ ಅಂಚುಗಳು ನಡುವಿಗಿಂತ ಕಪ್ಪಾಗಿದ್ದರೆ ದ್ರಾವಣ ಅಂಚಿನಲ್ಲಿ ಜೋರಾಗಿ ನುಗ್ಗುತ್ತಿದೆ, ಮಗುಚುವ ವೇಗ ಇಳಿಸಿ. ನಡುವೆ ಮೋಡದಂಥ ತೇಪೆಗಳಿದ್ದರೆ ಕಲಕಿದ್ದು ಸಾಲದು, ಮೊದಲ ಅರ್ಧ ನಿಮಿಷ ನಿಲ್ಲದೆ ಮಗುಚಿ, ಆಮೇಲೆ ನಿಮಿಷಕ್ಕೆ ನಾಲ್ಕು ಸಲ. ತಿಳಿಯಾದ ಗುಂಡು ಚುಕ್ಕೆ ಗುಳ್ಳೆಯದು, ತುಂಬಿದ ಕೂಡಲೇ ಟ್ಯಾಂಕನ್ನು ಅಂಗೈಗೆ ಎರಡೇಟು ಕುಟ್ಟಿ. ಹಾಳೆಯ ಒಂದು ತುದಿ ಉದ್ದಕ್ಕೂ ತೆಳುವಾಗಿದ್ದರೆ ಆ ತುದಿ ದ್ರಾವಣದಿಂದ ಹೊರಗೆ ನಿಂತಿತ್ತು, ಐವತ್ತು ಮಿಲಿ ಹೆಚ್ಚಿಸಿ. ಒಂದು ಮೂಲೆಯಿಂದ ಕಪ್ಪು ಹೊಗೆಯಂತೆ ಹರಡಿದ್ದರೆ ಅದು ಬೆಳಕು. ಅದೇ ಹಾಳೆಯ ಅಂಚಿನಲ್ಲಿ, ಕ್ಯಾಮೆರಾದ ಫಿಲ್ಮ್ ಹೋಲ್ಡರಿನ ತುಟಿಯ ಕೆಳಗೆ ಅಡಗಿದ್ದ ತಿಳಿ ಪಟ್ಟಿಯನ್ನು ನೋಡಿ. ಹೊಗೆ ಆ ಪಟ್ಟಿಯನ್ನೂ ದಾಟಿ ಹಾಳೆಯ ತುದಿಯವರೆಗೆ ಹೋಗಿದ್ದರೆ ಸೋರಿದ್ದು ಟ್ಯಾಂಕು, ಇಲ್ಲವೇ ಹಾಳೆ ತುಂಬಿದ ಕೋಣೆ. ಪಟ್ಟಿ ತಿಳಿಯಾಗಿಯೇ ಉಳಿದಿದ್ದರೆ ಟ್ಯಾಂಕನ್ನು ಬಿಟ್ಟು ಕ್ಯಾಮೆರಾದ ಬೆಲ್ಲೋಸನ್ನು, ಅಂದರೆ ಮಡಿಕೆ ಮಡಿಕೆಯ ಕೊಳವೆಯನ್ನು, ಬಿಸಿಲಿಗೆ ಹಿಡಿದು ತೂತು ಹುಡುಕಿ.